‘ಚಲೋ ಇತ್ತು ಬಿಡಪಾ’ ಅಂದ ಮೇಲೆ

ಹಿರಿಯರ ದನಿ ಹಿಡಿದಿಡುವ ಉಮೇದಿಗೆ ನಮ್ಮ ಕಲ್ಯಾಣ ಕರ್ನಾಟಕದ ಕಡೆ ಕೊರತೆಯಿಲ್ಲ. ಕಾಲೇಜಿನ ಪ್ರಾಜೆಕ್ಟಿಗೆಂದು, ಯೂಟ್ಯೂಬಿಗೆಂದು, ಇಲ್ಲಾ ಸುಮ್ಮನೆ ಮೊಮ್ಮಕ್ಕಳ ಆಸೆಗೆಂದು ಜೇವರ್ಗಿ, ಆಳಂದ, ಸುರಪುರ, ಭಾಲ್ಕಿ ಕಡೆಯ ಎಷ್ಟೋ ಮನೆಗಳ ಫೋನಿನಲ್ಲಿ ಮುತ್ಯಾನ, ಆಯಿಯ ಮಾತು ಬಿದ್ದಿದೆ. ತೆರೆದು ಕೇಳಿದರೆ ಹೆಚ್ಚಿನವು ಒಂದೇ ಅಚ್ಚಿನವು. “ಮುತ್ಯಾ, ನಿಮ್ಮ ಕಾಲದಾಗ ಹ್ಯಾಂಗಿತ್ತು, ಜರಾ ಹೇಳ್ರಿ” ಅಂತ ಶುರು. “ಆಗ ಭಾಳ ಚಲೋ ಇತ್ತು ಬಿಡಪಾ. ತಿನ್ನೋದು ಗಟ್ಟಿ ಇತ್ತು, ಮಂದಿ ಖರೆ ಇದ್ರು. ಈಗೇನದ, ಎಲ್ಲಾ ಹುಳದ ಎಣ್ಣಿ ಹೊಡದದ್ದು” ಅಂತ ಮುತ್ಯಾನ ಉತ್ತರ. ನಡುವೆ ಒಂದು ಬೈಕು ಹೋಗುತ್ತದೆ, ಒಳಗೆ ಕುಕ್ಕರ್ ಸೀಟಿ ಹೊಡೆಯುತ್ತದೆ, “ಥ್ಯಾಂಕ್ಸ್ ರೀ ಮುತ್ಯಾ” ಅಂತ ಮುಗಿಯುತ್ತದೆ. ಒಟ್ಟು ಮೂರೂವರೆ ನಿಮಿಷ. ಎಂಬತ್ತೈದು ವರ್ಷದ ಬಾಳುವೆ ಅಷ್ಟಕ್ಕೇ ಇಳಿಯಿತು.

ಮುತ್ಯಾನ ನೆನಪು ಮಾಸಿದೆ ಅಂತ ನಾವು ಅಂದುಕೊಳ್ಳುತ್ತೇವೆ. ಅದೇ ಮುತ್ಯಾನನ್ನು ಸಂಜೆ ಕಟ್ಟಿಯ ಮೇಲೆ ಕೂತಾಗ ಕೇಳಿಸಿಕೊಳ್ಳಿ: ಯಾವ ಎತ್ತಿಗೆ ಯಾವ ಸಂತೆಯಲ್ಲಿ ಎಷ್ಟು ಕೊಟ್ಟದ್ದು, ಯಾರ ಹೊಲದ ಬದು ಯಾವ ವರ್ಷ ಸರಿದದ್ದು, ಎಲ್ಲಾ ಬಾಯಿಪಾಠ. ನೆನಪು ಗಟ್ಟಿಯೇ ಇದೆ, ನಾವು ಕೇಳಿದ ಪ್ರಶ್ನೆ ಜಾಳು. ‘ನಿಮ್ಮ ಕಾಲ’ ಅನ್ನೋದು ಎಲ್ಲಿ ಹಿಡಿಯಬೇಕೋ ಗೊತ್ತಾಗದಷ್ಟು ದೊಡ್ಡದು. ಅಷ್ಟು ದೊಡ್ಡದನ್ನು ಕೈಗೆ ಕೊಟ್ಟರೆ ಯಾರೇ ಆದರೂ ಊರವರೆಲ್ಲ ಹೇಳುವ ಮಾತನ್ನೇ ಹೇಳಿ ಕೆಳಗಿಡುತ್ತಾರೆ. ಕೇಳಬೇಕಾದದ್ದು ಕೆಲಸವನ್ನು. ಕೈ ಮಾಡಿದ ಕೆಲಸವನ್ನು ಒಂದೊಂದೇ ಹಂತ ಹಿಡಿದು ಕೇಳಿದರೆ ಕಾಲ ಅದರ ಹಿಂದೆ ತಾನೇ ಬರುತ್ತದೆ.

ಫರಸಿ ಬುಡಕ ಇದ್ದ ಹಗೇವು

ಜೇವರ್ಗಿ ತಾಲೂಕಿನ ಒಂದು ಮನೆಯ ಪಡಸಾಲಿ. ಎಂಬತ್ತು ದಾಟಿದ ಮುತ್ಯಾ ಗೋಡೆಗೆ ಒರಗಿ ಕೂತಿದ್ದಾರೆ, ಡಿಗ್ರಿ ಓದುವ ಹುಡುಗಿ ಎದುರಿಗೆ. ಮೊದಲ ಪ್ರಶ್ನೆಗೆ ಅದೇ ‘ಚಲೋ ಇತ್ತು ಬಿಡು’ ಬಂತು. ಹುಡುಗಿ ಜಾಣೆ, ಹಾದಿ ಬದಲಿಸಿದಳು. “ಮುತ್ಯಾ, ನಿಮ್ಮ ಮನ್ಯಾಗ ಹಗೇವು ಎಲ್ಲಿತ್ರಿ?” ಹಗೇವು ಅಂದರೆ ಕಾಳು ತುಂಬಿ ಮುಚ್ಚಿಡುವ ನೆಲದೊಳಗಿನ ಕುಣಿ. ಮುತ್ಯಾ ಕೋಲು ಎತ್ತಿ ನೆಲಕ್ಕೆ ತೋರಿಸಿದರು. “ಇಲ್ಲೇ. ನೀ ಕುಂತಿಯಲ್ಲವ್ವಾ, ಆ ಫರಸಿ ಬುಡಕ.” ಹುಡುಗಿ ಗಾಬರಿಯಾಗಿ ಆ ಹಾಸುಗಲ್ಲಿನಿಂದ ಸರಿದು ಕೂತದ್ದು, ಇಬ್ಬರೂ ನಕ್ಕದ್ದು ರೆಕಾರ್ಡಿಂಗಿನಲ್ಲಿದೆ. ಅಲ್ಲಿಂದ ಮುಂದೆ ನಲವತ್ತು ನಿಮಿಷ ಮುತ್ಯಾ ನಿಲ್ಲಲಿಲ್ಲ.

ಆಕೆ ಕೇಳಿದ್ದು ಇಷ್ಟೇ. ಯಾವ ಮಣ್ಣಿನಾಗ ತೋಡ್ತಿದ್ರಿ? ಎರಿ ಹೊಲದಾಗ ಆಗಂಗಿಲ್ಲ, ನೀರು ಹಿಡೀತದ, ಮುರುಮು ಬೇಕು. ಬಾಯಿ ಎಷ್ಟು? ಒಂದು ಮನಷ್ಯಾ ಇಳಿಯೋವಷ್ಟು, ಒಳಗ ಹೋಗಿ ಗಡಿಗಿಯಂಗ ಅಗಲ. ಆಳ? ನಾ ಒಳಗ ನಿಂತು ಕೈ ಎತ್ತಿದ್ರ ಬಾಯಿ ಸಿಗ್ತಿದ್ದಿಲ್ಲ. ತುಂಬೂಕಿಂತ ಮೊದಲು? ಒಳಗ ಬೆಂಕಿ ಹಾಕಿ ಪಸಿ ಒಣಗಿಸೋದು, ಸುತ್ತೂ ಜ್ವಾಳದ ಕಣಿಕಿ ನಿಲ್ಲಿಸೋದು, ತಳಕ್ಕ ಹೊಟ್ಟು. ಮ್ಯಾಲ ಮತ್ತ ಹೊಟ್ಟು, ಆಮ್ಯಾಲ ಫರಸಿ, ಆಮ್ಯಾಲ ಮಣ್ಣು. ತೆಗಿಯೋ ಮುಂದ? ಇಲ್ಲಿ ಮುತ್ಯಾನ ದನಿ ಇಳಿಯಿತು. ಬಾಯಿ ತೆಗೆದು ಹಗಲೆಲ್ಲ ಬಿಡಬೇಕು. ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಬೇಕು. ದೀಪ ನಂದಿತೋ, ಇಳಿಯಂಗಿಲ್ಲ.

ಮುಚ್ಚಿಟ್ಟ ಕಾಳು ಉಸಿರಾಡುತ್ತದೆ. ಒಳಗಿನ ಆಮ್ಲಜನಕ ತೀರಿ ಇಂಗಾಲದ ಡೈಆಕ್ಸೈಡ್ ತುಂಬುತ್ತದೆ, ಅದು ಗಾಳಿಗಿಂತ ಭಾರವಾದ್ದರಿಂದ ಮೇಲೆ ಬರದೆ ತಳದಲ್ಲೇ ಕೂರುತ್ತದೆ. ಹುಳ ಸಾಯುವುದೂ ಅದರಿಂದಲೇ, ಅವಸರ ಮಾಡಿ ಇಳಿದ ಮನುಷ್ಯ ಸಾಯುವುದೂ ಅದರಿಂದಲೇ. ಹುಡುಗಿ ಇದನ್ನೆಲ್ಲ ಹೇಳಹೋಗಲಿಲ್ಲ, ಬಾಯಿ ಮುಚ್ಚಿಕೊಂಡು ಕೂತಳು. ರೆಕಾರ್ಡಿಂಗಿನಲ್ಲಿ ಹನ್ನೊಂದು ಸೆಕೆಂಡು ಬರೀ ಗುಬ್ಬಿ ಸಪ್ಪಳ. ಆಮೇಲೆ ಮುತ್ಯಾ, ಯಾರೂ ಕೇಳದೆ, ದೀಪ ಬಿಡದೆ ಇಳಿದ ಒಬ್ಬ ಆಳಿನ ಸುದ್ದಿ ತೆಗೆದರು. ಅವನಿಗೆ ಯಾಕೆ ಅವಸರವಿತ್ತು, ಅವಸರ ಮಾಡಿಸಿದ್ದು ಯಾರು, ಅವನ ಹೆಂಡತಿಗೆ ಆಮೇಲೆ ಎಷ್ಟು ಸೇರು ಜ್ವಾಳ ಕೊಟ್ಟು ಸುಮ್ಮನಾಗಿಸಿದರು ಅನ್ನೋದೆಲ್ಲ ಬಂತು. ‘ಆಗ ಭಾಳ ಚಲೋ ಇತ್ತು’ ಅಂದಿದ್ದ ಮುತ್ಯಾ ಇವರೇ.

ಆ ಹನ್ನೊಂದು ಸೆಕೆಂಡು ತಡೆದುಕೊಳ್ಳುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟ. ಎದುರಿನವರು ಸುಮ್ಮನಾದರೆ ನಮಗೆ ಚಡಪಡಿಕೆ, ಮುಂದಿನ ಪ್ರಶ್ನೆ ಹಾಕಿಬಿಡುತ್ತೇವೆ. ಬೇಕಾದರೆ ಮನಸ್ಸಿನಲ್ಲೇ ಹದಿನೈದರ ತನಕ ಎಣಿಸಿ. ‘ಹೂಂ’, ‘ಹೌದ್ರಿ’, ‘ಅಬ್ಬಾ’ ಅಂತ ದನಿಗೂಡಿಸುವ ಚಟವನ್ನೂ ಬಿಡಬೇಕು. ತಲೆ ಆಡಿಸಿದರೆ ಸಾಕು. ನಮ್ಮ ‘ಹೂಂ’ ಅವರ ಮಾತಿನ ಮೇಲೆ ಬಿದ್ದರೆ ಆಮೇಲೆ ತೆಗೆಯಲಾಗದು.

ಹಗೇವಿನ ಹಾಗೆಯೇ ಕೇಳಬಹುದಾದದ್ದು ಬೇಕಾದಷ್ಟಿದೆ. ಬಿತ್ತೋ ಕೂರಿಗಿಗೆ ಎಷ್ಟು ತಾಳು, ಬಟ್ಟಲದಾಗ ಬೀಜ ಬಿಡೋರು ಯಾರು, ಜ್ವಾಳದ ಸಾಲಿನ ನಡುವೆ ತೊಗರಿ ಅಕ್ಕಡಿ ಎಷ್ಟು ಸಾಲಿಗೊಂದು? ಕಣ ಮಾಡೋಕೆ ನೆಲ ಎಷ್ಟು ಸಲ ನೀರು ಹೊಡೆದು ಬಡೀತಿದ್ರಿ, ಕಾಳು ತುಳಿಸೋ ಹಂತಿಗೆ ಎಷ್ಟು ಎತ್ತು, ನಡುವಿನ ಮೇಟಿ ಕಂಬದ ಹತ್ತಿರದ ಎತ್ತು ಯಾವುದಾಗಿರಬೇಕು? ಎಳ್ಳ ಅಮಾಸಿಗೆ ಭಜ್ಜಿಗೆ ಏನೇನು ಹಾಕ್ತಿದ್ರಿ, ಹೊಲಕ್ಕೆ ಚರಗ ಚೆಲ್ಲೋರು ಮುಂದೆ ಯಾರು, ಹಿಂದೆ ನೀರು ಹಿಡಿದು ಯಾರು? ಇಂಥ ಪ್ರಶ್ನೆಗೆ ‘ಚಲೋ ಇತ್ತು’ ಅಂತ ಉತ್ತರ ಕೊಡಲು ಬರುವುದಿಲ್ಲ. ಒಂದು ಸಲ ಕೂತಾಗ ಒಂದೇ ಕೆಲಸ ಸಾಕು. ಒಂದು ತಾಸಿಗೆ ಹಿರಿಯರು ದಣಿಯುತ್ತಾರೆ, ಒಂದೂವರೆ ತಾಸು ಮೀರಿಸಲೇಬಾರದು.

ಕೌದಿ, ಫ್ಯಾನು, ಫೋನು

ಸಲಕರಣೆಯ ಮಾತು ಬಂದರೆ ಜನ ಮೊದಲು ಕೇಳುವುದು ಯಾವ ಮೈಕು ಕೊಳ್ಳಬೇಕು ಅಂತ. ಮೈಕಿಗಿಂತ ಮೊದಲು ನೋಡಬೇಕಾದದ್ದು ಮನೆ. ನಮ್ಮ ಜಿಲ್ಲೆಗಳಲ್ಲಿ ನೆಲಕ್ಕೂ ಫರಸಿ, ಕಟ್ಟಿಗೂ ಫರಸಿ, ಕೆಲವು ಕಡೆ ಗೋಡೆಗೂ ಶಹಾಬಾದ್ ಕಲ್ಲು. ಕಾಲಿಗೆ ತಂಪು, ದನಿಗೆ ಶತ್ರು. ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ಠಣ್ಣೆಂದು ಬಾಲ ಎಳೆದರೆ ಅಲ್ಲಿ ಮಾತು ಕೂಡ ಹಾಗೇ ಬಾಲ ಎಳೆಯುತ್ತದೆ, ಆಮೇಲೆ ಯಾವ ಸಾಫ್ಟ್‌ವೇರ್ ಹಾಕಿದರೂ ಪೂರಾ ಹೋಗುವುದಿಲ್ಲ. ಮದ್ದು ಅದೇ ಮನೆಯಲ್ಲಿದೆ: ಹಳೆ ಬಟ್ಟೆ ಕೂಡಿಸಿ ಹೊಲಿದ ಕೌದಿ. ಒಂದನ್ನು ಇಬ್ಬರ ನಡುವೆ ನೆಲಕ್ಕೆ ಹಾಸಿ, ಇನ್ನೊಂದನ್ನು ಮಾತಾಡುವವರ ಎದುರಿನ ಗೋಡೆಗೆ ಗೂಟಕ್ಕೆ ಇಳಿಬಿಡಿ. ಹಳೆ ಮಣ್ಣಿನ ಮಾಳಗಿ ಮನೆ ಸಿಕ್ಕರೆ ಕೌದಿಯೂ ಬೇಡ, ಮಣ್ಣು ದನಿಯನ್ನು ಹೀರಿಕೊಳ್ಳುತ್ತದೆ. ತಗಡಿನ ಮನೆ ಮಾತ್ರ ಬೇಡವೇ ಬೇಡ. ಬಿಸಿಲೇರಿದಂತೆ ತಗಡು ಹಿಗ್ಗಿ ಟಕ್ ಟಕ್ ಅನ್ನುತ್ತಲೇ ಇರುತ್ತದೆ.

ಕಲಬುರಗಿ ಬೇಸಿಗೆಯಲ್ಲಿ ಫ್ಯಾನು ಬಂದ್ ಮಾಡಿ ಅನ್ನಲು ಬಾಯಿ ಬರುವುದಿಲ್ಲ, ಅನ್ನಬಾರದು ಕೂಡ. ಹಾಗಾಗಿ ಮುಂಜಾನೆ ಏಳರಿಂದ ಒಂಬತ್ತೂವರೆ ಒಳಗೆ ಮುಗಿಸುವುದು ಲೇಸು. ತೊಗರಿ ರಾಶಿಯ ಡಿಸೆಂಬರ್, ಜನವರಿಯಲ್ಲಿ ಹೋದರೆ ಯಾರೂ ಸಿಗುವುದಿಲ್ಲ. ಬಿಳಿಜ್ವಾಳದ ರಾಶಿ ಮುಗಿದು ಕಾರ ಹುಣ್ಣಿಮೆಗೆ ಮೊದಲಿನ ದಿನಗಳು ಬಿಡುವಿನವು, ಆದರೆ ಬಿಸಿಲಿನವು. ಎರಡೂ ಕೂಡಿಬರುವುದು ಕಮ್ಮಿ. ಮುಂಜಾನೆಯ ಎರಡು ತಾಸೇ ಗತಿ.

ಫೋನು ಸಾಕೇ ಅಂದರೆ, ಸಾಕು, ಕೆಲವು ಕಟ್ಟುಪಾಡು ಹಾಕಿಕೊಂಡರೆ. ಏರ್‌ಪ್ಲೇನ್ ಮೋಡ್ ಹಾಕಲೇಬೇಕು. ಎಷ್ಟೋ ಫೋನುಗಳಲ್ಲಿ ಕರೆ ಬಂದ ಕೂಡಲೇ ರೆಕಾರ್ಡಿಂಗ್ ತಾನೇ ನಿಲ್ಲುತ್ತದೆ, ನಿಂತದ್ದು ನಮಗೆ ಅರ್ಧ ತಾಸಿನ ಮೇಲೆ ಗೊತ್ತಾಗುತ್ತದೆ. ಬ್ಯಾಟರಿ ಉಳಿಸುವ ಸೆಟ್ಟಿಂಗನ್ನೂ ತೆಗೆಯಿರಿ, ಪರದೆ ಕಪ್ಪಾದ ಮೇಲೆ ಅದು ಆ್ಯಪನ್ನೇ ಮಲಗಿಸಿಬಿಡುತ್ತದೆ. ಕಾಲರಿಗೆ ಸಿಕ್ಕಿಸುವ ಸಣ್ಣ ತಂತಿ ಮೈಕು ಇದ್ದರೆ ಗದ್ದದಿಂದ ಒಂದು ಗೇಣು ಕೆಳಗೆ ಹಾಕಿ. ಇಲ್ಲದಿದ್ದರೆ ಫೋನನ್ನು ಮಡಿಚಿದ ಟವೆಲ್ ಮೇಲಿಟ್ಟು ಮೊಳದಷ್ಟು ದೂರದಲ್ಲಿ ಇಡಿ. ಬರೀ ಮೇಜಿನ ಮೇಲಿಟ್ಟರೆ ಚಹಾ ಬಸಿ ಇಟ್ಟ ಸಪ್ಪಳವೂ ಗುಡುಗಿನ ಹಾಗೆ ಕೇಳುತ್ತದೆ. ರೆಕಾರ್ಡರಿನಲ್ಲಿ ದನಿಯ ಮಟ್ಟ ಮೈನಸ್ 12 ಡೆಸಿಬೆಲ್ ಆಸುಪಾಸು ಆಡಬೇಕು, ನಕ್ಕಾಗ, ಕೂಗಿದಾಗ ಮೈನಸ್ 6 ದಾಟಬಾರದು. ಸೊನ್ನೆ ಮುಟ್ಟಿದ ದನಿ ಒಡೆಯುತ್ತದೆ, ಒಡೆದದ್ದು ಕೂಡುವುದಿಲ್ಲ. ಮೂವತ್ತು ಸೆಕೆಂಡು ಮಾತಾಡಿಸಿ, ಹೆಡ್‌ಫೋನ್ ಹಾಕಿ ಕೇಳಿ, ಆಮೇಲೆ ಶುರು ಮಾಡಿ. ಈ ಅರ್ಧ ನಿಮಿಷದ ಜಿಪುಣತನದಿಂದ ಹಾಳಾದಷ್ಟು ರೆಕಾರ್ಡಿಂಗ್ ಬೇರೆ ಯಾವುದರಿಂದಲೂ ಹಾಳಾಗಿಲ್ಲ.

ಫೈಲು ದನಿಯನ್ನು ಕುಗ್ಗಿಸದ ವೇವ್ (WAV) ಆಗಿರಲಿ. 48 ಕಿಲೋಹರ್ಟ್ಸ್, 24 ಬಿಟ್, ಮೋನೊ ಅಂದರೆ ಒಂದು ತಾಸಿಗೆ ಸುಮಾರು 520 ಎಂಬಿ. 128 ಕೆಬಿಪಿಎಸ್ ಎಂಪಿ3 ಆದರೆ 58 ಎಂಬಿಯಲ್ಲಿ ಮುಗಿಯುತ್ತದೆ, ಮಂದಿಗೆ ಹಂಚಲು ಅದು ಸರಿ, ಮೂಲವಾಗಿ ಇಡಲು ಅಲ್ಲ. ಮೂಲವನ್ನು ವಾಟ್ಸಾಪಿನಲ್ಲಿ ಆಡಿಯೋ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ. ಶುರುವಿಗೇ ತಾರೀಖು, ಊರು, ಯಾರು ಯಾರು ಕೂತಿದ್ದೇವೆ ಅಂತ ಬಾಯಿಬಿಟ್ಟು ಹೇಳಿ. ಫೈಲಿನ ಹೆಸರು ಅಳಿದರೂ ಆ ದನಿ ಅಳಿಯುವುದಿಲ್ಲ. ಎದ್ದು ಬರುವ ಮೊದಲು ಒಂದು ನಿಮಿಷ ಯಾರೂ ಮಾತಾಡದೆ ಕೋಣೆಯ ಬರೀ ಸಪ್ಪಳ ಹಿಡಿದುಕೊಳ್ಳಿ, ಆಮೇಲೆ ಗದ್ದಲ ತೆಗೆಯುವಾಗ ಬೇಕಾಗುತ್ತದೆ.

ಬೀಸುಕಲ್ಲಿನ ಮುಂದೆ

ಹಾಡಿನ ಲೆಕ್ಕ ಬೇರೆ. ಬೀಸುಕಲ್ಲಿನ ಪದ ಬರುವ ಆಯಿಯನ್ನು ಕುರ್ಚಿ ಮೇಲೆ ಕೂಡಿಸಿ ಮೈಕು ಸಿಕ್ಕಿಸಿ “ಹಾಡ್ರಿ ಆಯಿ” ಅಂದರೆ ಎರಡು ಸಾಲು ಬರುತ್ತವೆ, ಮೂರನೆಯದಕ್ಕೆ “ಯವ್ವಾ, ಹೊಳೀವಲ್ದು” ಅನ್ನುತ್ತಾಳೆ. ಅದನ್ನು ಕೇಳಿ ಎದ್ದು ಬಂದವರು ಬಹಳ. ಹಿತ್ತಲಲ್ಲಿ ಬಿದ್ದ ಕಲ್ಲನ್ನು ಒಳಗೆ ತಂದು, ತೊಳೆದು, ಆಕೆಯ ಮುಂದಿಟ್ಟು ನೋಡಬೇಕು. ಬೀದರ್ ಕಡೆಯ ಒಬ್ಬ ಆಯಿ ಗೂಟಕ್ಕೆ ಕೈ ಹಾಕಿದ್ದೇ ಒಂದು ಕಾಲು ಚಾಚಿ ಒಂದು ಕಾಲು ಮಡಿಚಿ ಕೂತಳು. ಹಾಗೆ ಕೂಡಲು ಯಾರೂ ಹೇಳಿರಲಿಲ್ಲ. ಕಲ್ಲು ಎರಡು ಸುತ್ತು ಬಂತು, ಮೂರನೆಯ ಸುತ್ತಿಗೆ ಪದ ಬಂತು. ತವರಿನ ಪದ, ಅಣ್ಣನ ಪದ, ಶರಣಬಸಪ್ಪನ ಪದ, ಒಂದರ ಬಾಲ ಹಿಡಿದು ಇನ್ನೊಂದು. ನಡುವೆ ಕೈ ಸೋತು ಕಲ್ಲು ನಿಂತಾಗಲೆಲ್ಲ ಪದವೂ ನಿಂತಿತು. ಪಕ್ಕದ ಮನೆಯಾಕೆ ಬಂದು ಎದುರಿಗೆ ಕೂತು ಗೂಟಕ್ಕೆ ಕೈ ಕೂಡಿಸಿದ ಮೇಲೆ, ಒಬ್ಬಾಕೆ ಎತ್ತುವುದು ಇನ್ನೊಬ್ಬಾಕೆ ಹಿಡಿಯುವುದು ನಡೆದು, ಮುಕ್ಕಾಲು ತಾಸು ಎಳೆಯಿತು.

ಗೋಳು ಏನೆಂದರೆ, ಕಲ್ಲಿನ ಸಪ್ಪಳ ಹಾಡಿಗಿಂತ ಜೋರು. ಬರೀ ಕಲ್ಲು ತಿರುಗಿಸಿದರೆ ಇನ್ನೂ ಕಿರುಚುತ್ತದೆ, ಕಲ್ಲೂ ಸವೆಯುತ್ತದೆ. ಹಿಡಿ ಹಿಡಿ ಜ್ವಾಳ ಹಾಕುತ್ತಲೇ ಇರಬೇಕು. ಕಲ್ಲಿನ ಕೆಳಗೆ ನಾಲ್ಕು ಮಡಿಕೆಯ ಗೋಣಿತಟ್ಟು ಹಾಕಿದರೆ ನೆಲದ ಗುಂಯ್‌ಗುಟ್ಟುವಿಕೆ ಕಮ್ಮಿಯಾಗುತ್ತದೆ. ಮೈಕನ್ನು ಬೀಸುವ ಕೈಯ ಕಡೆ ಹಾಕಬಾರದು, ಬಳೆ ಬಡಿಯುತ್ತವೆ. ಇನ್ನೊಂದು ಭುಜದ ಸೆರಗಿಗೆ, ಸೆರಗು ಉಜ್ಜದ ಹಾಗೆ ಸಿಕ್ಕಿಸಬೇಕು. ಬಳೆ ತೆಗೆಯಿರಿ ಅಂತ ಮಾತ್ರ ಯಾವ ಮುತ್ತೈದೆಗೂ ಅನ್ನಬೇಡಿ. ಇದಾದ ಮೇಲೆ ಎರಡನೆಯ ಸುತ್ತು: ಗೂಟದ ಮೇಲೆ ಕೈ ಇರಲಿ, ಕಲ್ಲು ತಿರುಗದಿರಲಿ, ಪದವನ್ನು ಬರೀ ಮಾತಿನ ಹಾಗೆ ಹೇಳಿಸಿ. ಮೊದಲನೆಯದರಲ್ಲಿ ಹಾಡು ಇರುತ್ತದೆ, ಎರಡನೆಯದರಲ್ಲಿ ಅಕ್ಷರ. ಎರಡೂ ಬೇಕು. ಪಕ್ಕದ ಮಹಾರಾಷ್ಟ್ರದಲ್ಲಿ ಹೇಮಾ ರಾಯರಕರ, ಗೀ ಪ್ವಾತ್ವಾಂ ಮತ್ತು ಅವರ ಸಂಗಡಿಗರು ಹಳ್ಳಿ ಹಳ್ಳಿ ತಿರುಗಿ ಲಕ್ಷಕ್ಕೂ ಹೆಚ್ಚು ಮರಾಠಿ ಬೀಸುಕಲ್ಲಿನ ಪದ ಕೂಡಿಹಾಕಿದ್ದಾರೆ. ಗಡಿ ದಾಟಿ ಈಚೆ ಬಂದರೆ ಅದೇ ಕಲ್ಲು, ಅದೇ ಗೂಟ. ಕೂಡಿಹಾಕಿದ್ದು ಮಾತ್ರ ಅದರ ಹತ್ತಿರಕ್ಕೂ ಬರುವುದಿಲ್ಲ. ಹಿಟ್ಟಿನ ಗಿರಣಿ ಬರುವ ಮೊದಲು ಬೀಸಿದ ಕೈಗಳು ಈಗ ಎಂಬತ್ತರ ಆಚೆ ಇವೆ.

ಇಸವಿ ಹಿಡಿಯುವುದು

“ಯಾವ ಇಸವಿ?” ಅಂತ ಕೇಳಬೇಡಿ. ಗೊತ್ತಿಲ್ಲದಿದ್ದರೆ ಅವರಿಗೆ ಅವಮಾನ, ಗೊತ್ತಿದ್ದಂತೆ ಹೇಳಿದರೆ ನಮಗೆ ಮೋಸ. ಇಸವಿಯನ್ನು ನಾವು ಕಟ್ಟಿಕೊಳ್ಳಬೇಕು. ಗೂಟಗಳು ಇವೆ: ನಿಜಾಮನ ರಾಜ್ಯವನ್ನು ಭಾರತಕ್ಕೆ ಕೂಡಿಸಿದ 1948ರ ಪೊಲೀಸ್ ಆ್ಯಕ್ಷನ್, 1956ರ ಏಕೀಕರಣ, 1966ರಲ್ಲಿ ಕಲಬುರಗಿಗೆ ಬಂದ ಆಕಾಶವಾಣಿ, ‘ಎಪ್ಪತ್ತೆರಡರ ಬರ’, 1993ರ ಸೆಪ್ಟೆಂಬರ್ 30ರ ನಸುಕಿನ ಕಿಲಾರಿ ಭೂಕಂಪ. “ಭೂಮಿ ನಡುಗಿದಾಗ ಈ ಮಗ ಹುಟ್ಟಿದ್ನೇನ್ರಿ?” ಅಂದರೆ ತಕ್ಷಣ ಉತ್ತರ ಬರುತ್ತದೆ. ಬರದ ಕಾಲ ಹಿಡಿಯಲು, ಖಡಿ (ಜಲ್ಲಿ) ಒಡೆಯೋ ಕೆಲಸಕ್ಕ ಹೋಗುವಾಗ ಮದುವಿ ಆಗಿತ್ತೋ ಇಲ್ಲೋ ಅಂತ ಕೇಳಿದರೆ ಸಾಕು.

ದುಡ್ಡು ಕೂಡ ಸಾಕ್ಷಿ ಹೇಳುತ್ತದೆ. ಎಂಟಾಣೆ ಕೂಲಿ ಅಂದರೆ ‘ಹಾಲಿಯೋ, ಕಲ್ದಾರೋ?’ ಅಂತ ಕೇಳಿ. ನಿಜಾಮನ ಹಾಲಿ ಸಿಕ್ಕಾ ಏಳು ರೂಪಾಯಿ ಕೊಟ್ಟರೆ ಬ್ರಿಟಿಷ್ ಸರ್ಕಾರದ ಕಲ್ದಾರ ಆರು. ಪೊಲೀಸ್ ಆ್ಯಕ್ಷನ್ ಆದ ಮೇಲೂ ಹಾಲಿ ಕೆಲವು ವರ್ಷ ಓಡಿತು, ಪೂರ್ತಿ ರದ್ದಾದದ್ದು 1959ರಲ್ಲಿ. ‘ನಯಾ ಪೈಸೆ’ ಅಂದರೆ 1957ರ ಏಪ್ರಿಲ್‌ನಿಂದ ಈಚೆ. ಮನೆಯಲ್ಲಿ ಹಳೆ ಪಹಣಿ ಇದ್ದು ಅದರ ಮೇಲೆ 1357 ಅಂತ ಇದ್ದರೆ ಬೆಚ್ಚಬೇಡಿ, ಅದು ಫಸಲಿ, ಅಂದರೆ ಕಂದಾಯದ ಲೆಕ್ಕದ ವರ್ಷ. 590 ಕೂಡಿಸಿದರೆ 1947, ಅಂದರೆ 1947–48ರ ಸಾಲು. ಸೇರು, ಪಾಯಲಿಗಳನ್ನು ಮಾತ್ರ ನಂಬಬೇಡಿ. ಕಿಲೋ ಬಂದು ಎಷ್ಟೋ ವರ್ಷದ ತನಕ ಸೇರು ಬಾಯಿಯಲ್ಲಿ ಉಳಿಯಿತು, ಊರೂರಿಗೆ ಅಳತೆಯೂ ಬೇರೆ. ಅಟ್ಟದ ಮೇಲೆ ಹಳೆ ಸೇರು ಸಿಕ್ಕರೆ ಅದರ ತುಂಬ ಜ್ವಾಳ ಅಳೆದು, ಅಂಗಡಿಯ ತಕ್ಕಡಿಯಲ್ಲಿ ತೂಗಿ, ಬಂದ ಗ್ರಾಮನ್ನು ರೆಕಾರ್ಡಿಂಗಿನಲ್ಲೇ ಹೇಳಿಸಿಬಿಡಿ. ಅವರು ಹೇಳಿದ ಕೂಲಿ, ಸರ್ಕಾರಕ್ಕೆ ಅಳೆದ ಲೆವಿ, ಹೊಲದ ಲಾವಣಿ ಎಲ್ಲದಕ್ಕೂ ಆಮೇಲೆ ಅದೇ ಕೀಲಿ.

ಮೊಹರಂ ಒಂದು ಸೊಗಸಾದ ಗಡಿಯಾರ. ಅಲಾಯಿ ದೇವರ ಪಂಜಾ ಕೂಡಿಸುವ ಈ ಹಬ್ಬ ವರ್ಷಕ್ಕೆ ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಸುಮಾರು 33 ವರ್ಷಕ್ಕೆ ಒಂದು ಸುತ್ತು. “ಅಲಾಯಿ ಕುಣಿ ತೆಗಿಯೂ ಮುಂದ ಜ್ವಾಳ ಬಿತ್ತಿ ಎದ್ದಿತ್ತು, ಥಂಡಿ ಹತ್ತಿತ್ತು” ಅಂತ ಒಬ್ಬರು ಅಂದರೆ ಅದು ನವೆಂಬರದ ಮೊಹರಂ. ನವೆಂಬರಕ್ಕೆ ಮೊಹರಂ ಬಿದ್ದದ್ದು 1947, 48ರ ಸುಮಾರಿಗೆ, ಆಮೇಲೆ 1980ರ ಸುಮಾರಿಗೆ, ಆಮೇಲೆ 2013ರ ಸುಮಾರಿಗೆ. ಇನ್ನೂ ಸೂಕ್ಷ್ಮ ನೋಡಿ. ನಿಜಾಮನ ಪರ ನಿಂತ ರಜಾಕಾರ ಪಡೆಯ ಕಾಲದ ಮೊಹರಂ ಅಂದರೆ 1947ರ ನವೆಂಬರದ್ದು. ಪೊಲೀಸ್ ಆ್ಯಕ್ಷನ್ 1948ರ ಸೆಪ್ಟೆಂಬರ್ 13ರಿಂದ 17ರ ತನಕ ನಡೆದು ಮುಗಿದ ಮೇಲೆ ಬಂದ ನವೆಂಬರದ ಮೊಹರಂ ಪೂರಾ ಬೇರೆ ಮೊಹರಂ. ಒಂದೇ ವರ್ಷದ ಅಂತರ, ಆದರೆ ಯಾರು ಅಲಾಯಿ ಹೊತ್ತರು, ಯಾರು ಬಾಗಿಲು ಹಾಕಿಕೊಂಡು ಕೂತರು ಅನ್ನೋದು ತಿರುವುಮುರುವು. ಎರಡನ್ನೂ ಕಲಸಿದರೆ ಸಾಕ್ಷಿಯೇ ತಲೆಕೆಳಗು.

ಯಾರ ಕಟ್ಟಿಯ ಮೇಲೆ

ಈ ಜಿಲ್ಲೆಗಳಲ್ಲಿ ಹಳೆಯದನ್ನು ಕೇಳಹೊರಟರೆ 1948ಕ್ಕೆ ಬಂದು ತಾಕಲೇಬೇಕು. ಬೀದರ್ ಜಿಲ್ಲೆಯ ಗೋರಟಾದಲ್ಲಿ ರಜಾಕಾರರು ಮಾಡಿದ ಕೊಲೆಗಳ ನೆನಪು ಊರಿನ ಹೆಸರಿಗೇ ಅಂಟಿಕೊಂಡಿದೆ. ಪೊಲೀಸ್ ಆ್ಯಕ್ಷನ್ ಆದ ಮೇಲೆ ಮುಸ್ಲಿಮರ ಮೇಲೆ ನಡೆದದ್ದರ ವಿಚಾರಣೆಗೆ ಬಂದ ಪಂಡಿತ ಸುಂದರಲಾಲ್ ಸಮಿತಿ ಹೆಚ್ಚು ಹಾನಿಯಾದವೆಂದು ಹೇಳಿದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ನಾಂದೇಡದ ಜೊತೆ ಗುಲಬರ್ಗಾ, ಬೀದರ್ ಎರಡೂ ಇವೆ. ಒಂದನ್ನು ಕೇಳಿ ಇನ್ನೊಂದನ್ನು ಬಿಟ್ಟ ರೆಕಾರ್ಡಿಂಗ್ ಅರ್ಧ ಊರಿನದು. ಹಾಗಂತ ಎರಡೂ ಕಡೆಯವರನ್ನು ಒಂದೇ ಚಾಪೆಯ ಮೇಲೆ ಕೂಡಿಸಿ ಕೇಳಿದರೆ ಇಬ್ಬರೂ “ನಾವೆಲ್ಲ ಅಣ್ಣತಮ್ಮರಂಗ ಇದ್ವಿ” ಅಂದು ಏಳುತ್ತಾರೆ. ಬೇರೆ ದಿನ, ಬೇರೆ ಮನೆ, ಸಾಧ್ಯವಾದರೆ ಕೇಳುವವರೂ ಬೇರೆ.

ಜಾಗದ ಮಾತು ಇಲ್ಲಿಗೆ ಮುಗಿಯುವುದಿಲ್ಲ. ಜೀತಕ್ಕಿದ್ದ ಮನುಷ್ಯನನ್ನು ಗೌಡರ ವಾಡೆಯ ಮುಂದೆ ಕೂಡಿಸಿ ಜೀತದ ಸುದ್ದಿ ಕೇಳುವುದು ಹುಚ್ಚುತನ. ಗುಡಿಕಟ್ಟಿ ಎಲ್ಲರದೂ ಅಂತ ನಮಗೆ ಅನಿಸಬಹುದು, ಆ ಕಟ್ಟಿ ಹತ್ತಲು ಬಿಡದೆ ಇದ್ದ ಕೇರಿಯವರಿಗೆ ಹಾಗನಿಸುವುದಿಲ್ಲ. ಅವರ ಮನೆಗೆ ಹೋಗಿ, ಅವರು ಕೊಟ್ಟ ನೀರು ಕುಡಿದು, ಅಲ್ಲೇ ಕೂತು ಕೇಳಬೇಕು. ಹೆಣ್ಣುಮಕ್ಕಳನ್ನು ಕೇಳುವಾಗ ಗಂಡನೋ ಮಗನೋ ನಡುವೆ ಬಾಯಿ ಹಾಕುವುದು ಖಾತ್ರಿ. ಇಬ್ಬರು ಹೋಗಿ, ಒಬ್ಬರು ಗಂಡಸರನ್ನು ಹೊರಗೆ ಕಟ್ಟಿಯ ಮೇಲೆ ತೊಗರಿ ರೇಟಿನ ಮಾತಿಗೆ ಹಚ್ಚಿ. ಅದಕ್ಕೂ ಒಂದು ತಾಸು ಸಾಲುವುದಿಲ್ಲ.

ಒಪ್ಪಿಗೆಯನ್ನು ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿ ಮುಗಿಸಬೇಡಿ. ನಮ್ಮ ಕಡೆ ಕಾಗದದ ಮೇಲೆ ಹೆಬ್ಬೆಟ್ಟು ಅಂದರೆ ಹೊಲ ಹೋಯಿತು ಅಂತಲೇ ಅರ್ಥ. ಮೊದಲು ದನಿಯಲ್ಲೇ ಕೇಳಿ: ಇದನ್ನ ಯಾರು ಕೇಳಬಹುದು? ಊರಮಂದಿ ಕೇಳಿದ್ರ ನಡೀತದೇನ್ರಿ? ನಿಮ್ಮ ಹೆಸರು ಹಾಕಲೋ ಬ್ಯಾಡೋ? ಉತ್ತರ ರೆಕಾರ್ಡಿಂಗಿನಲ್ಲೇ ಇರಲಿ. ಮುಗಿದ ಮೇಲೆ ಮತ್ತೊಮ್ಮೆ ಕೇಳಿ, ಯಾಕೆಂದರೆ ಶುರುವಿನಲ್ಲಿ ತಾವು ಏನು ಹೇಳುತ್ತೇವೆ ಅನ್ನೋದು ಅವರಿಗೇ ಗೊತ್ತಿರುವುದಿಲ್ಲ. ಹಗೇವಿನಲ್ಲಿ ಸತ್ತ ಆಳಿನ ಸುದ್ದಿಯಲ್ಲಿ ಅವಸರ ಮಾಡಿಸಿದವರ ಮೊಮ್ಮಕ್ಕಳು ಅದೇ ಓಣಿಯಲ್ಲಿದ್ದಾರೆ. ಅಂಥ ತುಣುಕನ್ನು ಹತ್ತೋ ಇಪ್ಪತ್ತೋ ವರ್ಷ ಮುಚ್ಚಿಡಬಹುದು, ಅಳಿಸಬೇಕಿಲ್ಲ. ಮೂಲ ಹಾಗೇ ಇಟ್ಟು, ಕೇಳಿಸುವ ಪ್ರತಿಯಲ್ಲಿ ಮಾತ್ರ ಅಷ್ಟು ನಿಮಿಷ ತೆಗೆದರಾಯಿತು.

ಅಡವಿ ಅಂದರೆ ಕಾಡಲ್ಲ

ಒಂದು ತಾಸಿನ ಮಾತನ್ನು ಅಕ್ಷರಕ್ಕೆ ಇಳಿಸಲು ಪಳಗಿದವರಿಗೂ ಆರರಿಂದ ಎಂಟು ತಾಸು ಬೇಕು, ಹಲ್ಲಿಲ್ಲದ ಬಾಯಿ, ಎರಡು ಮೂರು ಭಾಷೆ ಕಲೆತರೆ ಹತ್ತು. ಹಾಗಾಗಿ ಎಲ್ಲವನ್ನೂ ಬರೆದಿಳಿಸುತ್ತೇವೆ ಅಂತ ಹೊರಟವರು ಮೂರನೆಯ ಫೈಲಿಗೆ ಕೈಬಿಡುತ್ತಾರೆ. ನನ್ನ ಕೇಳಿದರೆ ಮೊದಲು ಮಾಡಬೇಕಾದದ್ದು ಸೂಚಿ: ಐದೈದು ನಿಮಿಷಕ್ಕೆ ಒಂದು ಸಾಲು. ‘00:10, ಹಗೇವಿನ ಮಣ್ಣು, ಬಾಯಿ, ಆಳ. 00:15, ದೀಪ, ಆಳಿನ ಸಾವು, ಮುಚ್ಚಿದ್ದು.’ ಎರಡು ತಾಸಿನಲ್ಲಿ ಮುಗಿಯುತ್ತದೆ. ಸೂಚಿ ಇಲ್ಲದ ನೂರು ತಾಸು ದನಿಯನ್ನು ಯಾರೂ ಕೇಳುವುದಿಲ್ಲ, ಮಾಡಿದವರು ಕೂಡ.

ಬರೆದಿಳಿಸುವಾಗ ‘ಅದ’ವನ್ನು ‘ಇದೆ’ ಮಾಡುವ ಕೈಚಳಕ ಬೇಡ. ‘ಬಂದಾರ’, ‘ಹೊಂಟಾದ’, ‘ಹೊಳೀವಲ್ದು’ ಹಾಗೇ ಇರಲಿ. ಬೇರೆ ಕಡೆಯವರಿಂದ ಬರೆಸಿದರೆ ಇನ್ನೊಂದು ಗಂಡಾಂತರ. ‘ಅಡವಿಗಿ ಹೋಗ್ಯಾರ’ ಅಂದರೆ ಹೊಲಕ್ಕೆ ಹೋಗಿದ್ದಾರೆ ಅಂತ, ಕಾಡಿಗಲ್ಲ. ‘ಹೊಲ ಲಾವಣಿ ಹಾಕೊಂಡಿದ್ವಿ’ ಅಂದರೆ ಗುತ್ತಿಗೆ, ಅಲ್ಲಿ ಯಾರೂ ಹಾಡಲಿಲ್ಲ. ‘ಸಾಲಿ’ ಅಂದರೆ ಶಾಲೆ. ಬಸವಕಲ್ಯಾಣ ಕಡೆ ಮರಾಠಿ ಬೆರೆತ ಮನೆಯಲ್ಲಿ ಹಗೇವಿಗೆ ಪೇವ ಅನ್ನುತ್ತಾರೆ. ಮಾತನ್ನು ತಾನೇ ಅಕ್ಷರ ಮಾಡುವ ಆ್ಯಪುಗಳು ಇಂಥ ಕಡೆಗಳಲ್ಲೇ ಧೈರ್ಯವಾಗಿ ತಪ್ಪು ಬರೆಯುತ್ತವೆ. ಒಂದು ಪಟ್ಟಿ ಮಾಡಿ ಅನುಮಾನದ ಪದವನ್ನೆಲ್ಲ ಅದರಲ್ಲಿ ಹಾಕಿ, ಮುಂದಿನ ಸಲ ಮುತ್ಯಾನನ್ನೇ ಕೇಳಿ. ಬರೆಯುವುದು ಯೂನಿಕೋಡಿನಲ್ಲೇ. ಹಳೆಯ ‘ನುಡಿ’ ಫಾಂಟಿನಲ್ಲಿ ಟೈಪು ಮಾಡಿದ್ದು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಬರೀ ಚಿತ್ರವಿಚಿತ್ರ ಗುರುತಾಗಿ ಕಾಣುತ್ತದೆ.

ಟ್ರಂಕಿನ ತಳದ ಕ್ಯಾಸೆಟ್ಟುಗಳ ಬಗ್ಗೆ ಎರಡು ಮಾತು. ಭಜನಿ, ತತ್ವಪದ, ಮೊಹರಂ ಪದ ಎಷ್ಟೋ ಮನೆಗಳಲ್ಲಿ ಟೇಪಿನಲ್ಲೇ ಉಳಿದಿವೆ. ಬೂಷ್ಟು ಹಿಡಿದದ್ದನ್ನು ಹಾಕಲೇಬೇಡಿ, ಯಂತ್ರವೂ ಕೆಡುತ್ತದೆ, ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ಒಣಗಿದ್ದರೆ ಮೊದಲು ಆ ತುದಿಯಿಂದ ಈ ತುದಿಗೆ ಒಮ್ಮೆ ಸುತ್ತಿಸಿ ಸಡಿಲ ಮಾಡಿ, ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಒಂದೇ ಓಟಕ್ಕೆ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಮುದುಕನ ದನಿ ಹುಡುಗನ ದನಿಯ ಹಾಗೆ ಚುರುಕಾಗಿ ಕೇಳಿದರೆ ಟೇಪು ಕೆಟ್ಟಿದೆ ಅಂದುಕೊಳ್ಳಬೇಡಿ. ಆಗ ಸೆಲ್ಲು ತೀರುತ್ತಿದ್ದ ಟೇಪ್‌ರೆಕಾರ್ಡರಿನಲ್ಲಿ ನಿಧಾನಕ್ಕೆ ಹಿಡಿದದ್ದು ಈಗ ಸರಿಯಾದ ಓಟದಲ್ಲಿ ಹಾಗೆ ಕೇಳುತ್ತದೆ. ವೇಗ ಇಳಿಸಿದರೆ ಮುದುಕ ತಿರುಗಿ ಬರುತ್ತಾನೆ.

ಪ್ರತಿ ಮೂರು ಇರಲಿ: ಒಂದು ಹಾರ್ಡ್ ಡಿಸ್ಕು, ಒಂದು ಬೇರೆ ಥರದ್ದರ ಮೇಲೆ, ಒಂದು ಬೇರೆ ಊರಲ್ಲಿ. ಮೆಮೊರಿ ಕಾರ್ಡನ್ನು ಪ್ರತಿಯೆಂದು ಎಣಿಸಬೇಡಿ. ವರ್ಷಕ್ಕೊಮ್ಮೆ, ಎಳ್ಳ ಅಮಾಸಿಗೋ ಇನ್ಯಾವುದಕ್ಕೋ, ಎಲ್ಲ ಡಿಸ್ಕು ತೆಗೆದು ಫೈಲು ತೆರೆಯುತ್ತವೋ ನೋಡಿ.

ತಿರುಗಿ ಹೋಗುವುದು

ಇನ್ನೊಂದು ಪ್ರತಿ ಮಾತಾಡಿದವರ ಮನೆಗೆ. ಪೆನ್‌ಡ್ರೈವ್ ಕೊಟ್ಟು ಬಂದರೆ ಅದು ಗಡಿಗಿ ಸೇರುತ್ತದೆ. ಎಂಪಿ3 ಮಾಡಿ ಸೊಸೆಯ ಫೋನಿಗೆ ಹಾಕಿ, ಅಲ್ಲೇ ಕೂತು ಹಚ್ಚಿ. ಜೇವರ್ಗಿಯ ಆ ಹುಡುಗಿ ತಿಂಗಳ ಮೇಲೆ ಹಾಗೇ ಹೋಗಿ ಹಚ್ಚಿದಳು. ಹಚ್ಚುವ ಮೊದಲು ತನ್ನ ಇನ್ನೊಂದು ಫೋನಿನಲ್ಲಿ ಹೊಸ ರೆಕಾರ್ಡಿಂಗ್ ಶುರು ಮಾಡಿ, ಹಾಗಂತ ಹೇಳಿ, ಕೌದಿಯ ಮೇಲಿಟ್ಟಳು. ಮುತ್ಯಾ ತಮ್ಮ ದನಿಯನ್ನು ತಾವೇ ಕೇಳಿ ಮೊದಲು ನಂಬಲಿಲ್ಲ. ಹತ್ತನೆಯ ನಿಮಿಷಕ್ಕೆ ಕೈ ಎತ್ತಿ “ನಿಲ್ಸು, ನಿಲ್ಸು” ಅಂದರು. “ಸುತ್ತೂ ಬರೇ ಕಣಿಕಿ ಅಂದೀನಿ ನೋಡು, ಅದು ತಪ್ಪು. ಕಣಿಕಿ ಹಿಂದ ಮೊದಲು ಬೇವಿನ ತಪ್ಪಲ ಹಾಕ್ತಿದ್ವಿ. ನಮ್ಮವ್ವ ಹಾಕ್ತಿದ್ಳು. ಅದನ್ನ ಬಿಟ್ಟೀನಿ.” ಒಳಗಿನಿಂದ ಆಯಿ, ಮೊದಲ ಸಲ ಬಂದಾಗ ಒಂದು ಮಾತೂ ಆಡದಿದ್ದಾಕೆ, ಬಾಗಿಲಿಗೆ ಬಂದು ನಿಂತಳು. “ನಿಮ್ಮವ್ವ ಅಲ್ಲ, ನಾ ಹಾಕ್ತಿದ್ದೆ. ನಿಮ್ಮವ್ವ ಮ್ಯಾಲ ನಿಂತು ಹೇಳ್ತಿದ್ಳು, ಒಳಗ ಇಳದಾಕಿ ನಾನು.” ಹುಡುಗಿ ಎದ್ದು ಕೌದಿಯ ಮೇಲಿನ ಫೋನನ್ನು ಬಾಗಿಲ ಕಡೆ ಸರಿಸಿದಳು. ಸೂಚಿಯಲ್ಲಿ ಅದು ಬೇರೆ ಫೈಲು, ಕ್ರಮಸಂಖ್ಯೆ 2, ಮಾತಾಡಿದವರು: ಆಯಿ, ಒಂದು ತಾಸು ಐದು ನಿಮಿಷ.